ಜಾಗರಣೆಯ ರಾತ್ರಿಗೊಂದು ದೆವ್ವದ ಸಿನಿಮಾ

ಶಿವರಾತ್ರಿಯ ಉಪವಾಸ ಹೇಗೋ ಸಾಗುತ್ತದೆ, ಕಷ್ಟವೇನಿದ್ದರೂ ಜಾಗರಣೆಯದು. ಭಜನೆ, ಹರಿಕಥೆ, ಪೌರಾಣಿಕ ನಾಟಕಗಳ ಸಾಲಿಗೆ ಸಿನಿಮಾ ಸೇರಿ ದಶಕಗಳಾದವು. ಊರಿನ ಥಿಯೇಟರುಗಳು ಅಂದು ಸೆಕೆಂಡ್ ಶೋ ಮುಗಿದ ಮೇಲೂ ಆಟ ಹಾಕುತ್ತಿದ್ದವು. 1980ರ ದಶಕದಲ್ಲಿ ವಿಡಿಯೊ ಬಂದಾಗ ಹಳ್ಳಿಗಳಲ್ಲಿ ಕಲರ್ ಟಿವಿ, ವಿಸಿಪಿ ಬಾಡಿಗೆಗೆ ತಂದು, ಗುಡಿಯ ಮುಂದೋ ಶಾಲೆಯ ಅಂಗಳದಲ್ಲೋ ಬೆಳಗಿನವರೆಗೆ ಕ್ಯಾಸೆಟ್ ಓಡಿಸತೊಡಗಿದರು. ಶುರುವಿಗೆ ಭಕ್ತಿಚಿತ್ರ. ತೂಕಡಿಕೆ ಹತ್ತುವ ಹೊತ್ತಿಗೆ ಹೊಡೆದಾಟದ್ದೋ ದೆವ್ವದ್ದೋ ಆಗಬೇಕು. ಶಿವ ಹೇಗೂ ಭೂತನಾಥ, ತಕರಾರಿಗೆ ಜಾಗವೆಲ್ಲಿ?

ಸೋಲದೇವನಹಳ್ಳಿಯ ನಂಟು

ಇಂಥ ರಾತ್ರಿಗೆ ಒಪ್ಪುವ ದೆವ್ವದ ಚಿತ್ರವೊಂದಕ್ಕೆ ಈ ಊರಿನ ನಂಟಿದೆ. ಬೆಂಗಳೂರಿನ ಉತ್ತರ ಅಂಚಿಗೆ, ನೆಲಮಂಗಲ ತಾಲ್ಲೂಕಿನಲ್ಲಿರುವ ಸೋಲದೇವನಹಳ್ಳಿಯ ಹೆಸರು ಸಿನಿಮಾದವರ ಬಾಯಲ್ಲಿ ಬರುವುದು ನಟಿ ಲೀಲಾವತಿಯವರಿಂದ. ಚಿತ್ರರಂಗದ ಗದ್ದಲದಿಂದ ದೂರವಾಗಿ, ಮಗ ವಿನೋದ್ ರಾಜ್ ಜೊತೆ ಇಲ್ಲಿನ ತೋಟದಲ್ಲಿ ವ್ಯವಸಾಯ ಮಾಡಿಕೊಂಡಿದ್ದರು. ಊರಿಗೆ ಆಸ್ಪತ್ರೆ ಕಟ್ಟಿಸಿಕೊಟ್ಟರು. 2023ರ ಡಿಸೆಂಬರ್ 8ರಂದು ತೀರಿಕೊಂಡಾಗ ಅಂತ್ಯಕ್ರಿಯೆ ನಡೆದದ್ದೂ ಅದೇ ತೋಟದಲ್ಲಿ. ನೂರಾರು ಚಿತ್ರಗಳಲ್ಲಿ ನಾಯಕಿಯಾಗಿ, ತಾಯಿಯಾಗಿ, ಅತ್ತೆಯಾಗಿ ನಟಿಸಿದ ಅವರು ಕನ್ನಡದ ಅತಿ ಹೆಸರಾದ ಹಳೆಯ ದೆವ್ವದ ಚಿತ್ರದ ತಾರಾಗಣದಲ್ಲೂ ಇದ್ದಾರೆ. ಅದು ‘ನಾ ನಿನ್ನ ಬಿಡಲಾರೆ’.

ರಾಯರ ಮುಂದೆ ಸೋತ ಕಾಮಿನಿ

1979ರಲ್ಲಿ ಬಂದ ಈ ಚಿತ್ರದ ನಿರ್ದೇಶಕರು ವಿಜಯ್. ಅನಂತ್ ನಾಗ್, ಲಕ್ಷ್ಮಿ ಜೋಡಿ. ಸಂಗೀತ ರಾಜನ್–ನಾಗೇಂದ್ರ ಅವರದು. ಸತ್ತುಹೋದ ಕಾಮಿನಿ ಎಂಬಾಕೆ ನಾಯಕನ ಬೆನ್ನುಬಿದ್ದು, ಅವನ ಮೈಮೇಲೆಯೇ ಬರುತ್ತಾಳೆ. ಹೆಂಡತಿ ಗುರು ರಾಘವೇಂದ್ರರ ಮೊರೆಹೋಗುತ್ತಾಳೆ. ನಮ್ಮ ಕಥೆಗಳಲ್ಲಿ ದೆವ್ವ ಹಿಡಿಯುವುದು ಸಾಮಾನ್ಯವಾಗಿ ಹೆಂಗಸರಿಗೆ. ಇಲ್ಲಿ ಹೆಣ್ಣುದೆವ್ವ ಗಂಡಸನ್ನು ಹಿಡಿದಿದೆ, ಅವನನ್ನು ಉಳಿಸುವ ಹೊಣೆ ಹೆಂಗಸಿನದು. ಅನಂತ್ ನಾಗ್ ಕಣ್ಣು, ಕತ್ತು, ನಡಿಗೆಯಲ್ಲೇ ಆ ಬದಲಾವಣೆ ತೋರಿಸುತ್ತಾರೆ. ಇಂದಿನ ಗ್ರಾಫಿಕ್ಸ್ ದೆವ್ವಗಳ ಮುಂದೆಯೂ ಆ ಅಭಿನಯ ಮಂಕಾಗಿಲ್ಲ. 1981ರಲ್ಲಿ ಇದು ‘ಮಂಗಲಸೂತ್ರ’ ಎಂದು ಹಿಂದಿಗೆ ಹೋಯಿತು. ಅಲ್ಲೂ ನಾಯಕ ಅನಂತ್ ನಾಗ್ ಅವರೇ, ಜೊತೆಗೆ ರೇಖಾ.

ಈ ಚಿತ್ರ ಅರ್ಧ ದೆವ್ವದ್ದು, ಅರ್ಧ ದೇವರದ್ದು. ಅಜ್ಜಿ ರಾಯರಿಗೆ ಕೈಮುಗಿಯುತ್ತ ನೋಡಬಹುದು, ಮೊಮ್ಮಗ ಅಜ್ಜಿಯ ಸೆರಗಿನ ಮರೆಯಿಂದ ಕಾಮಿನಿಯನ್ನು ನೋಡಬಹುದು. ಬರೀ ಹೆದರಿಸುವ ಚಿತ್ರಕ್ಕೆ ಮನೆಮಂದಿಯ ನಡುವೆ, ಅದರಲ್ಲೂ ಹಬ್ಬದ ರಾತ್ರಿ, ಇಷ್ಟು ಸಲೀಸಾಗಿ ಜಾಗ ಸಿಗುತ್ತಿರಲಿಲ್ಲ ಎಂದೇ ನನ್ನ ಎಣಿಕೆ. ಯಂಡಮೂರಿ ವೀರೇಂದ್ರನಾಥ್ ಅವರ ಕಾದಂಬರಿಯಿಂದ 1985ರಲ್ಲಿ ಬಂದ ‘ತುಳಸೀದಳ’ದ ಮಾಟಮಂತ್ರಕ್ಕೆ ಇಂಥ ಆಸರೆ ಕಡಿಮೆ. ಅದರ ಭಯವೇ ಬೇರೆ ಬಗೆಯದು. ಅಂದಹಾಗೆ, ಹೆಸರು ನೋಡಿ ‘ಭೂತಯ್ಯನ ಮಗ ಅಯ್ಯು’ (1974) ಹಾಕಿಕೊಂಡು ಕೂತರೆ ಒಳ್ಳೆಯ ಸಿನಿಮಾ ಸಿಗುತ್ತದೆ, ದೆವ್ವ ಸಿಗುವುದಿಲ್ಲ.

ಕಡಿಮೆ ಕಾಸಿನ ಕಸುಬು

ಆಗ ಕನ್ನಡ ಚಿತ್ರಕ್ಕೆ ಮಾರುಕಟ್ಟೆ ಚಿಕ್ಕದಿತ್ತು, ಬಂಡವಾಳವೂ ಅಷ್ಟಕ್ಕಷ್ಟೆ. ದೆವ್ವ ಮಾತ್ರ ಅಗ್ಗದ ಪಾತ್ರ: ಬಿಳಿ ಸೀರೆ, ಬಿಚ್ಚಿದ ಕೂದಲು, ಒಂದು ಹಳೇ ಬಂಗಲೆ. ಮುಖದ ಕೆಳಗಿನಿಂದ ದೀಪ ಬಿಟ್ಟರೆ ನೆರಳು ತಿರುವುಮುರುವಾಗಿ ಗುರುತಿನ ಮುಖವೇ ಅಪರಿಚಿತವಾಗುತ್ತದೆ. ಕ್ಯಾಮೆರಾ ನಿಲ್ಲಿಸಿ, ನಟಿಯನ್ನು ಪಕ್ಕಕ್ಕೆ ಕರೆದು, ಮತ್ತೆ ಓಡಿಸಿದರೆ ಆಕೆ ಮಾಯ. ಒಂದೇ ಫಿಲ್ಮಿನ ಮೇಲೆ ಎರಡು ಸಲ ಚಿತ್ರ ಮೂಡಿಸಿದರೆ ಗೋಡೆ ಕಾಣುವಂಥ ಪಾರದರ್ಶಕ ದೇಹ. ಉಳಿದದ್ದು ಗಾಳಿಯಂತ್ರ, ಹೊಗೆ, ನರಿಯ ಕೂಗು.

ಟೂರಿಂಗ್ ಟಾಕೀಸುಗಳೂ ಇದಕ್ಕೆ ಒದಗಿಬಂದವು. ಟೆಂಟಿನ ಬಟ್ಟೆ ಹಗಲು ಬೆಳಕನ್ನು ತಡೆಯದ ಕಾರಣ ಆಟ ಶುರುವಾಗುತ್ತಿದ್ದುದೇ ಕತ್ತಲಾದ ಮೇಲೆ. ನೆಲದ ಟಿಕೆಟ್ಟಿನವರು ಮರಳಿನಲ್ಲಿ ಕೂತು ನೋಡಿ, ಹೊಲದ ದಾರಿಯಲ್ಲಿ ಊರಿಗೆ ನಡೆಯಬೇಕಿತ್ತು. ಸಿನಿಮಾದ ಎರಡನೇ ಭಾಗ ಆ ದಾರಿಯಲ್ಲೇ ನಡೆಯುತ್ತಿದ್ದುದು.

ಹೊರದೇಶದಲ್ಲಿ

ಹಬ್ಬದ ರಾತ್ರಿ ದೆವ್ವದ ಸಿನಿಮಾ ನೋಡುವ ಹವ್ಯಾಸಕ್ಕೆ ಅಮೆರಿಕದಲ್ಲಿ ಅಕ್ಟೋಬರ್ 31ರ ಹ್ಯಾಲೋವೀನ್ ಕಾಲ. 1957ರಲ್ಲಿ ಯೂನಿವರ್ಸಲ್ ಕಂಪನಿಯ 52 ಹಳೆಯ ಚಿತ್ರಗಳನ್ನು ‘ಶಾಕ್ ಥಿಯೇಟರ್’ ಹೆಸರಿನಲ್ಲಿ ಟಿವಿ ಕೇಂದ್ರಗಳಿಗೆ ಮಾರಿದ್ದರಿಂದ ಡ್ರಾಕುಲಾ, ಫ್ರಾಂಕೆನ್‌ಸ್ಟೈನ್ ನಡುಮನೆಗೆ ಬಂದವು. ಜಾರ್ಜ್ ರೊಮೆರೊ ಸುಮಾರು 1,14,000 ಡಾಲರಿನಲ್ಲಿ ತೆಗೆದ ‘ನೈಟ್ ಆಫ್ ದ ಲಿವಿಂಗ್ ಡೆಡ್’ (1968) ಕಥೆ ಇನ್ನೂ ಮಜವಾಗಿದೆ. ಹೆಸರು ಬದಲಿಸುವಾಗ ಹಂಚಿಕೆದಾರರು ಹಕ್ಕುಸ್ವಾಮ್ಯದ ಸಾಲು ಹಾಕುವುದನ್ನೇ ಮರೆತರು. ಯಾರು ಬೇಕಾದರೂ ಪುಕ್ಕಟೆ ತೋರಿಸಬಹುದಾಯಿತು, ತೋರಿಸಿದರು ಕೂಡ. ಅದು ವರ್ಷವರ್ಷವೂ ಮರಳಿ ಬಂದದ್ದರಲ್ಲಿ ಈ ಮರೆವಿನ ಪಾಲು ದೊಡ್ಡದು.

ದೇವರಿಲ್ಲದ ದೆವ್ವಗಳು

ಮತ್ತೆ ಕನ್ನಡಕ್ಕೆ ಬಂದರೆ, 1993ರಲ್ಲಿ ಉಪೇಂದ್ರ ‘ಶ್...!’ ತೆಗೆದರು. ಸಿನಿಮಾ ಚಿತ್ರೀಕರಣದ ತಂಡವನ್ನೇ ದೆವ್ವ ಕಾಡುವ ಕಥೆ. ಕೊನೆಗೆ ಬಯಲಾಗುವುದು ಮನುಷ್ಯರ ಕೈವಾಡ. ಬಿಡಿಸಲು ಗುರುಗಳು ಬೇಕಾಗಲಿಲ್ಲ, ಬುದ್ಧಿ ಸಾಕಾಯಿತು. 2013ರ ‘6-5=2’ ಕಾಡಿಗೆ ಚಾರಣ ಹೋದವರ ಕ್ಯಾಮೆರಾದಲ್ಲಿ ಸಿಕ್ಕ ದೃಶ್ಯಗಳೆಂಬ ನೆಪದಲ್ಲಿ, ತಾರೆಯರಿಲ್ಲದೆ, ಸಣ್ಣ ಬಂಡವಾಳದಲ್ಲಿ ಗೆದ್ದಿತು. ಎರಡೂ ಜಾಣ ಚಿತ್ರಗಳು. ಆದರೆ ಅಜ್ಜಿ ಕೈಮುಗಿಯುವ ಜಾಗ ಅವುಗಳಲ್ಲಿಲ್ಲ.

ಈಗ ವಿಸಿಪಿ ಬಾಡಿಗೆಗೆ ಹುಡುಕಬೇಕಿಲ್ಲ. ಮುಂದಿನ ಶಿವರಾತ್ರಿಗೆ ಮೊದಲ ಜಾವಕ್ಕೆ ‘ನಾ ನಿನ್ನ ಬಿಡಲಾರೆ’, ನಡುರಾತ್ರಿಗೆ ‘ಶ್...!’ ಇಟ್ಟುಕೊಳ್ಳಿ. ಮೊಬೈಲಿನಲ್ಲಿ ಒಬ್ಬೊಬ್ಬರೇ ನೋಡಬೇಡಿ, ಅಕ್ಕಪಕ್ಕದ ಮನೆಯವರನ್ನೂ ಕರೆಯಿರಿ.