ಕೆಂಪು ಕೋಳಿಯ ಪೂರ್ವೋತ್ತರ

ಗ್ರೀಸ್ ದೇಶದ ಮನೆಗಳಲ್ಲಿ ಭಾನುವಾರದ ಊಟಕ್ಕೆ ಮಾಡುವ ಗಟ್ಟಿ ಸಾರೊಂದಿದೆ. ಹೆಸರು ‘ಕೋಟಾ ಕೊಕ್ಕಿನಿಸ್ತಿ’. ಕೋಟಾ ಎಂದರೆ ಕೋಳಿ, ಕೊಕ್ಕಿನಿಸ್ತಿ ಎಂದರೆ ಕೆಂಪಾಗಿಸಿದ್ದು. ಅಜ್ಜಿಯ ಕಾಲದ ಅಡುಗೆಯೆಂದು ಅಲ್ಲಿನವರು ಹೆಮ್ಮೆಪಡುತ್ತಾರೆ. ಅಜ್ಜಿಯ ಮಟ್ಟಿಗೆ ಅದು ನಿಜವೇ. ಆದರೆ ಇನ್ನೂ ಏಳೆಂಟು ತಲೆಮಾರು ಹಿಂದಕ್ಕೆ ಹೋದರೆ, ಆ ಮನೆಯವರಿಗೆ ಟೊಮೇಟೊ ಎಂದರೆ ಏನೆಂದೇ ತಿಳಿದಿರಲಿಲ್ಲ!

ಮೊದಲು ಮಾಡುವ ಕ್ರಮ ಹೇಳಿಬಿಡುತ್ತೇನೆ. ಒಂದು ಕಿಲೋ ಕೋಳಿಯ ದೊಡ್ಡ ತುಂಡುಗಳನ್ನು ಆಲಿವ್ ಎಣ್ಣೆಯಲ್ಲಿ ಹೊಂಬಣ್ಣಕ್ಕೆ ಹುರಿದು ತೆಗೆದಿಡಿ. ಅದೇ ಎಣ್ಣೆಯಲ್ಲಿ ಎರಡು ಈರುಳ್ಳಿ, ನಾಲ್ಕು ಎಸಳು ಬೆಳ್ಳುಳ್ಳಿ ಬಾಡಿಸಿ, ಅರ್ಧ ಕಿಲೋ ಟೊಮೇಟೊ ತುರಿದು ಹಾಕಿ. ಒಂದು ತುಂಡು ಚಕ್ಕೆ, ಎರಡು ಲವಂಗ, ಒಂದು ಪಲಾವ್ ಎಲೆ, ಉಪ್ಪು, ಕಾಳುಮೆಣಸಿನ ಪುಡಿ. ಗ್ರೀಕರು ಅರ್ಧ ಲೋಟ ಕೆಂಪು ವೈನ್ ಸುರಿಯುತ್ತಾರೆ. ಬೇಡವೆನ್ನುವವರಿಗೆ ಒಂದು ಚಮಚ ವಿನಿಗರ್ ಸಾಕು. ಕೋಳಿಯನ್ನು ಮತ್ತೆ ಸೇರಿಸಿ, ಮುಚ್ಚಿ, ಸಣ್ಣ ಉರಿಯಲ್ಲಿ ಒಂದು ಗಂಟೆ ಬೇಯಿಸಬೇಕು. ನಾಟಿ ಕೋಳಿಯಾದರೆ ಇನ್ನೂ ಹೆಚ್ಚು ಹೊತ್ತು. ಕುಕ್ಕರಿನ ಆತುರ ಇಲ್ಲಿ ಸಲ್ಲದು. ನೀರು ಆರಿ ಎಣ್ಣೆ ಬಿಡಬೇಕು. ಟೊಮೇಟೊಗೆ ಕೆಂಪು ಕೊಡುವ ಲೈಕೋಪೀನ್ ನೀರಿನಲ್ಲಿ ಕರಗದು, ಎಣ್ಣೆಯಲ್ಲಿ ಕರಗುತ್ತದೆ. ಬಿ.ಎಸ್‌ಸಿ. ಓದಿದ್ದು ಅಡುಗೆಮನೆಯಲ್ಲಾದರೂ ಉಪಯೋಗಕ್ಕೆ ಬಂತು!

ಈಗ ಪಾತ್ರೆಯೊಳಗಿನವರ ಊರು ಕೇರಿ ವಿಚಾರಿಸೋಣ. ಕೋಳಿಯ ಮೂಲ ಆಗ್ನೇಯ ಏಷ್ಯದ ಕಾಡು. ಪ್ರಾಚೀನ ಗ್ರೀಕರು ಹುಂಜವನ್ನು ‘ಪರ್ಷಿಯದ ಹಕ್ಕಿ’ ಎಂದೇ ಕರೆಯುತ್ತಿದ್ದರು. ಕಾಳುಮೆಣಸು ನಮ್ಮ ಪಶ್ಚಿಮ ಕರಾವಳಿಯಿಂದ ಹಡಗು ಹತ್ತಿ ಹೋದದ್ದು. ಚಕ್ಕೆಯ ಕತೆಯಂತೂ ಸ್ವಾರಸ್ಯವಾದದ್ದು. ಅದನ್ನು ದೊಡ್ಡ ಹಕ್ಕಿಗಳು ಕಡಿದಾದ ಬಂಡೆಗಳ ಮೇಲಿನ ಗೂಡಿಗೆ ಒಯ್ಯುತ್ತವೆ, ಅರಬರು ಉಪಾಯದಿಂದ ಗೂಡು ಕೆಡವಿ ಆಯ್ದುಕೊಳ್ಳುತ್ತಾರೆ ಎಂದು ಕ್ರಿ.ಪೂ. 5ನೆಯ ಶತಮಾನದಲ್ಲಿ ಹೆರೊಡೊಟಸ್ ಬರೆದಿದ್ದಾನೆ. ಅಮೆರಿಕದ ಟೊಮೇಟೊ ಗ್ರೀಸಿಗೆ ಬಂದು ಬೇರೂರಿದ್ದು 19ನೆಯ ಶತಮಾನದಲ್ಲಿ. ಚಿಕ್ಕ ಈರುಳ್ಳಿಗಳನ್ನು ಇಡಿಯಾಗಿ ಹಾಕಿ ಮಾಡುವ ಇದರ ಸೋದರ ಅಡುಗೆ ‘ಸ್ತಿಫಾದೊ’. ಆ ಹೆಸರು ವೆನಿಸ್ಸಿನವರಿಂದ ಬಂದದ್ದು. ಕ್ರೀಟ್ ದ್ವೀಪ 1669ರವರೆಗೆ ಅವರ ಕೈಯಲ್ಲಿತ್ತಷ್ಟೆ.

ಇಷ್ಟೆಲ್ಲ ಹೊರಗಿನಿಂದ ಬಂದಿದ್ದರೂ ಜಗಳ ಹತ್ತಿದ್ದು ಮಾತ್ರ ತುರ್ಕರ ಹೆಸರಿನಲ್ಲಿ. 1922ರಲ್ಲಿ ಏಷ್ಯಾ ಮೈನರಿನ ಯುದ್ಧದಲ್ಲಿ ಗ್ರೀಸ್ ಸೋತಿತು, ಸ್ಮಿರ್ನಾ ನಗರ ಹೊತ್ತಿ ಉರಿಯಿತು. 1923ರ ಒಪ್ಪಂದದಂತೆ ಎರಡೂ ದೇಶಗಳು ಜನರನ್ನು ಅದಲುಬದಲು ಮಾಡಿಕೊಂಡವು. ಒಟ್ಟು ಸುಮಾರು 12 ಲಕ್ಷ ಕ್ರೈಸ್ತರು ನಿರಾಶ್ರಿತರಾಗಿ ಗ್ರೀಸಿಗೆ ಬಂದರು. ಧರ್ಮ ಒಂದೇ, ಬಹುಪಾಲು ಜನರ ಭಾಷೆಯೂ ಒಂದೇ. ಆದರೂ ಸ್ಥಳೀಯರು ಅವರನ್ನು ‘ತುರ್ಕರ ಬೀಜ’ ಎಂದರು. ಅಡುಗೆಗೆ ಮೊಸರು ಹೆಚ್ಚು ಬಳಸುತ್ತಿದ್ದವರನ್ನು ‘ಮೊಸರಿನಲ್ಲಿ ದೀಕ್ಷಾಸ್ನಾನವಾದವರು’ ಎಂದು ಹಂಗಿಸಿದರು. ಪರಊರಿನಲ್ಲಿ ಒಲೆ ಹೂಡಿದ ನಮಗೆ, ಊಟದ ಮೇಲಿನ ಹಂಗು ಎಷ್ಟು ನಾಟುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ. ಅವರು ಅಥೆನ್ಸಿನ ಬಳಿ ಕಟ್ಟಿಕೊಂಡ ಬಡಾವಣೆಗೆ ‘ನೇಆ ಸ್ಮಿರ್ನಿ’, ಅಂದರೆ ಹೊಸ ಸ್ಮಿರ್ನಾ ಎಂದೇ ಹೆಸರಿಟ್ಟರು. ಜೀರಿಗೆ ಹಾಕಿದ ಅವರ ಮಾಂಸದುಂಡೆಗಳು ‘ಸ್ಮಿರ್ನಾದವು’ ಎಂಬ ಹೆಸರಿನಲ್ಲೇ ಇಂದು ಗ್ರೀಸಿನ ಹೋಟೆಲುಗಳಲ್ಲಿ ಸಿಗುತ್ತವೆ.

ಅದೇ ಕಾಲದಲ್ಲಿ ನಿಕೊಲಾಸ್ ತ್ಸೆಲೆಮೆಂತೆಸ್ ಎಂಬ ಪ್ರಸಿದ್ಧ ಬಾಣಸಿಗನಿದ್ದ. ವಿಯೆನ್ನಾದಲ್ಲಿ ಕಲಿತವನು. ಗ್ರೀಕ್ ಅಡುಗೆ ಮೂಲತಃ ಶುದ್ಧವಾಗಿತ್ತು, ತುರ್ಕರ ಸಹವಾಸದಿಂದ ಮಸಾಲೆ ಹೆಚ್ಚಿ ಕೆಟ್ಟಿತೆಂಬುದು ಅವನ ವಾದ. ಶುದ್ಧಿಗಾಗಿ ಅವನು ತಂದದ್ದಾದರೂ ಏನು? ಹಾಲು, ಬೆಣ್ಣೆ, ಮೈದಾದ ಫ್ರೆಂಚ್ ಬೆಶಮೆಲ್! ಈ ತರ್ಕ ನನಗಂತೂ ಅರ್ಥವಾಗಿಲ್ಲ. ಆದರೂ ಅವನ ಪುಸ್ತಕ ಎಷ್ಟು ಮನೆಮಾತಾಯಿತೆಂದರೆ, ಗ್ರೀಕ್ ಆಡುಮಾತಿನಲ್ಲಿ ‘ತ್ಸೆಲೆಮೆಂತೆಸ್’ ಎಂದರೆ ಅಡುಗೆ ಪುಸ್ತಕವೆಂದೇ ಅರ್ಥ. ಕೆಂಪು ಕೋಳಿಯ ಪಾತ್ರೆಯಿಂದ ಚಕ್ಕೆಯನ್ನು ಹೊರಹಾಕುವುದು ಮಾತ್ರ ಅವನಿಂದಲೂ ಆಗಲಿಲ್ಲ.

ಅಲ್ಲಿ ಇದನ್ನು ದಪ್ಪ ಮೆಕರೋನಿಯ ಮೇಲೆ ಸುರಿದು, ಚೀಸ್ ತುರಿದು ಬಡಿಸುತ್ತಾರೆ. ನಮ್ಮ ಮನೆಯಲ್ಲಿ ಬಿಸಿ ಅನ್ನಕ್ಕೇ ಕಲಸಿಕೊಳ್ಳುತ್ತೇವೆ.