ಮರುಭೂಮಿಗೆ ಬುತ್ತಿ

ಪ್ರಯಾಣಕ್ಕೆ ಗಂಟು ಕಟ್ಟುವ ವಿದ್ಯೆಯಲ್ಲಿ ನಮ್ಮ ಮನೆಯವರನ್ನು ಮೀರಿಸುವವರಿಲ್ಲ ಎಂಬ ಹೆಮ್ಮೆ ನನಗೆ ಬಹುಕಾಲದಿಂದ ಇತ್ತು. ನಾನು ಹುಡುಗನಾಗಿದ್ದಾಗ ಅರಸೀಕೆರೆಯಿಂದ ಶೃಂಗೇರಿಗೆ ಹೊರಟರೆ ಹಾಸಿಗೆಯ ಸುರುಳಿ, ತಾಮ್ರದ ಹೂಜಿ, ಪುಳಿಯೋಗರೆಯ ಡಬ್ಬಿ, ಜೊತೆಗೆ ಅಕಸ್ಮಾತ್ ಬೇಕಾದೀತೆಂದು ಒಂದು ಕುಟ್ಟಾಣಿ, ಇಷ್ಟೂ ಬಸ್ಸಿನ ತಲೆಯ ಮೇಲೆ ಏರುತ್ತಿತ್ತು. ಆ ಹೆಮ್ಮೆ ಮುರಿದದ್ದು ಈಚೆಗೆ, ಅಡಿಲೇಡಿನಲ್ಲಿರುವ ನನ್ನ ಮಗನ ಊಟದ ಮೇಜಿನ ಬಳಿ. ಮೇಜಿನ ಮೇಲೆ ಒಂದು ಪಟ್ಟಿ ಬಿದ್ದಿತ್ತು. ಅದರ ಮೊದಲನೆಯ ಸಾಲು: ನೀರು, 200 ಲೀಟರು.

ಮಗ, ಸೊಸೆ, ಮೊಮ್ಮಕ್ಕಳಿಬ್ಬರು, ಕೊನೆಯವನಾಗಿ ನಾನು. ಹೋಗಬೇಕಾದದ್ದು ದಕ್ಷಿಣ ಆಸ್ಟ್ರೇಲಿಯದ ಮರ್ರೀ ಎಂಬ ಹಳ್ಳಿಯಿಂದ ಕ್ವೀನ್ಸ್‌ಲ್ಯಾಂಡಿನ ಬರ್ಡ್ಸ್‌ವಿಲ್ಲಿಗೆ, ಸುಮಾರು 517 ಕಿಲೋಮೀಟರು ಮಣ್ಣಿನ ರಸ್ತೆ. ಎಡಕ್ಕೆ ಸಿಂಪ್ಸನ್ ಮರುಭೂಮಿ, ಬಲಕ್ಕೆ ಕಲ್ಲುಗಾಡು. ದಾರಿ ಎರಡು ದಿನದ್ದು. ಕೆಟ್ಟು ನಿಂತರೆ ಎಂದು ಮತ್ತೆರಡು ದಿನ. ಆಳಿಗೆ ದಿನಕ್ಕೆ ಹತ್ತು ಲೀಟರಿನಂತೆ ಮಗ ಲೆಕ್ಕ ಹಾಕಿದ್ದ. “ಇಷ್ಟೇಕಪ್ಪಾ, ಗಂಗೆಯನ್ನೇ ಹೊತ್ತುಕೊಂಡು ಹೋಗುತ್ತೀಯಾ?” ಎಂದೆ. “ನೀವೇ ಅಲ್ಲವೇನಪ್ಪಾ ಮೂವತ್ತು ವರ್ಷ ಚರಿತ್ರೆ ಪಾಠ ಹೇಳಿದವರು, ಈ ದಾರಿಯ ಚರಿತ್ರೆಯನ್ನೂ ಸ್ವಲ್ಪ ಓದಿ” ಎಂದ. ಮಾತು ನಾಟಿತು. ಎರಡು ವಾರ ಅಲ್ಲಿನ ಗ್ರಂಥಾಲಯದಲ್ಲಿ ಕುಳಿತೆ. ಮರುಭೂಮಿಯ ಚರಿತ್ರೆಯೆಂದರೆ ಬಹುಮಟ್ಟಿಗೆ ಸಾಮಾನಿನ ಪಟ್ಟಿಗಳ ಚರಿತ್ರೆ ಎಂದು ಅಲ್ಲಿ ನನಗೆ ತಿಳಿಯಿತು.

ಚಾರ್ಲ್ಸ್ ಸ್ಟರ್ಟ್ ಎಂಬ ಸೇನಾಧಿಕಾರಿಯಿಂದಲೇ ತೊಡಗಬಹುದು. 1844ರಲ್ಲಿ ಈತ ಅಡಿಲೇಡಿನಿಂದ ಹೊರಟಾಗ ಇನ್ನೂರು ಕುರಿಗಳ ಜೊತೆಗೆ ಗಾಡಿಯ ಮೇಲೆ ಒಂದು ದೋಣಿಯನ್ನೂ ಏರಿಸಿಕೊಂಡಿದ್ದ. ಖಂಡದ ನಡುವೆ ಒಂದು ಸಮುದ್ರವಿದೆಯೆಂದು ಆತನ ನಂಬಿಕೆ. ಸಮುದ್ರ ಸಿಗಲಿಲ್ಲ. ಒಂದು ನೀರಿನ ಮಡುವಿನ ಬಳಿ ಆರು ತಿಂಗಳು ಸೆರೆಯಾಗಿ ಕುಳಿತ, ಮುಂದೆ ಹೋಗಲೂ ನೀರಿಲ್ಲ, ಹಿಂದೆ ಬರಲೂ ನೀರಿಲ್ಲ. 1845ರಲ್ಲಿ ಸಿಂಪ್ಸನ್ ಮರುಭೂಮಿಯ ಅಂಚಿನವರೆಗೆ ಹೋಗಿ, ಒಂದರ ಹಿಂದೊಂದು ಕೆಂಪು ಮರಳಿನ ಅಲೆಗಳನ್ನು ಕಂಡು ಹಿಂದಿರುಗಿದ. ಅಲೆಯೇನೋ ಇತ್ತು, ದೋಣಿ ನಡೆಯುವಂಥದಲ್ಲ.

ಅವನಿಗಿಂತ ಅದ್ಭುತ ಪಟ್ಟಿ ಬರ್ಕ್ ಮತ್ತು ವಿಲ್ಸ್ ಅವರದು. 1860ರ ಆಗಸ್ಟ್ 20ರಂದು ಮೆಲ್ಬರ್ನಿನಿಂದ ಇವರ ತಂಡ ಹೊರಟಾಗ ಸಾಮಾನು ಸುಮಾರು ಇಪ್ಪತ್ತು ಟನ್ನು. ಅದರಲ್ಲಿ ಕುರ್ಚಿಗಳ ಸಮೇತ ಓಕ್ ಮರದ ಮೇಜು, ಬಾಣಬಿರುಸು, ಚೀನಾದ ಒಂದು ಜಾಗಟೆ, ಒಂಟೆಗಳಿಗೆ ಕುಡಿಸಲು ರಮ್ ಸಹ ಇದ್ದವು. ಜಾಗಟೆ ಯಾವ ದೇವರ ಮಂಗಳಾರತಿಗೋ ನಾನರಿಯೆ. ದಾರಿಯುದ್ದಕ್ಕೂ ಒಂದೊಂದಾಗಿ ಸಾಮಾನು ಬಿಡುತ್ತ ಹೋದರು. ಉತ್ತರದ ಕಡಲ ತೀರದ ಸಮೀಪದವರೆಗೆ ಹೋಗಿ ಹಿಂದಿರುಗಿ, 1861ರ ಏಪ್ರಿಲ್ 21ರ ಸಂಜೆ ಕೂಪರ್ಸ್ ಕ್ರೀಕಿನ ಬೀಡಿಗೆ ಬಂದರೆ, ಕಾದಿದ್ದ ತಂಡ ಅದೇ ದಿನ ಬೆಳಿಗ್ಗೆ ಹೊರಟುಹೋಗಿತ್ತು. ನಾಯಕರಿಬ್ಬರೂ ಹಸಿವಿನಿಂದ ಸತ್ತರು. ಸತ್ತದ್ದು ನೀರಿರುವ ಹೊಳೆಯ ದಂಡೆಯಲ್ಲಿ, ಯಂಡ್ರುವಂಡ ಜನ ಹೊಟ್ಟೆ ತುಂಬ ಉಂಡು ಬದುಕುತ್ತಿದ್ದ ಜಾಗದಲ್ಲಿ. ಆ ಜನ ನಾರ್ಡೂ ಎಂಬ ನೀರುಸಸ್ಯದ ಬೀಜವನ್ನು ಸಂಸ್ಕರಿಸಿ ವಿಷ ಕಳೆದು ತಿನ್ನುತ್ತಿದ್ದರು. ಇವರು ಅದನ್ನು ಕಂಡು ಹಿಟ್ಟು ಮಾಡಿದರೇ ಹೊರತು ಸಂಸ್ಕಾರವನ್ನು ಕಲಿಯಲಿಲ್ಲ. ಆ ಜನರ ಆಶ್ರಯಕ್ಕೆ ಹೋದ ಜಾನ್ ಕಿಂಗ್ ಒಬ್ಬನೇ ಉಳಿದ.

ಈ ತಂಡಕ್ಕೆ 24 ಒಂಟೆಗಳು ಬಂದದ್ದು ನಮ್ಮ ಇಂಡಿಯಾದಿಂದ, ಕರಾಚಿಯ ಮೂಲಕ. ಒಂಟೆಯ ಹಿಂದೆಯೇ ಒಂಟೆಯವರೂ ಬಂದರು. ಆಸ್ಟ್ರೇಲಿಯದವರು ಅವರನ್ನೆಲ್ಲ “ಆಫ್ಘಾನರು” ಎಂದರೂ ಬಲೂಚಿಸ್ತಾನ, ಪೇಶಾವರ, ಸಿಂಧ್ ಮೊದಲಾದ ಕಡೆಯವರು ಅವರಲ್ಲಿ ಬಹಳ ಮಂದಿ. ಮರ್ರೀಯಲ್ಲಿ ರೈಲು ಹಳಿಯ ಒಂದು ಕಡೆಗೆ ಬಿಳಿಯರು, ಇನ್ನೊಂದು ಕಡೆಗೆ ಇವರು, ಇವರ ಖರ್ಜೂರದ ಮರಗಳು, ಇವರ ಪುಟ್ಟ ಮಸೀದಿ. ಬಲೂಚಿಸ್ತಾನದಲ್ಲಿ ಹುಟ್ಟಿ ಬ್ರಿಟಿಷ್ ಇಂಡಿಯಾದ ಸೇನೆಯಲ್ಲಿದ್ದ ಬೇಜಾ ದರ್ವೇಶ್ 1896ರ ಕಾಲ್ವರ್ಟ್ ತಂಡದಲ್ಲಿ ಒಂಟೆ ನಡೆಸಿದ. ಅವನ ನಿಷ್ಠೆಗೆ ಮೆಚ್ಚಿ ತಂಡದ ನಾಯಕ ತನ್ನ ದಿಕ್ಸೂಚಿಯನ್ನೇ ಕೊಟ್ಟ. ಅವನ ಮಗ ಜ್ಯಾಕ್, 1939ರಲ್ಲಿ ಮ್ಯಾಡಿಗನ್ ಸಿಂಪ್ಸನ್ ಮರುಭೂಮಿಯನ್ನು ದಾಟಿದಾಗ ಒಂಟೆಗಳ ಜೊತೆಗಿದ್ದ. ಮರುಭೂಮಿಗೆ ಹೆಸರು ಮಾತ್ರ ಬಟ್ಟೆ ಒಗೆಯುವ ಯಂತ್ರ ಮಾಡುತ್ತಿದ್ದ ಸಿಂಪ್ಸನ್ ಎಂಬ ಧನಿಕನದು. ಖರ್ಚಿಗೆ ಹಣ ಕೊಟ್ಟವನ ಹೆಸರು ನಕ್ಷೆಯಲ್ಲಿ, ಮರಳು ತುಳಿದವರ ಹೆಸರು ಪುಸ್ತಕದ ಒಳಪುಟದಲ್ಲಿ. ಇದು ನಮಗೂ ಹೊಸದಲ್ಲ.

ಇವರೆಲ್ಲರಿಗೂ ಮುಂಚೆ ಅಲ್ಲಿ ಸಂಸಾರಗಳಿದ್ದವು ಎಂಬುದನ್ನು ನಾನು ಓದಿದ ಹಳೆಯ ಪುಸ್ತಕಗಳು ಅಡಿಟಿಪ್ಪಣಿಯಲ್ಲಿ ಹೇಳುತ್ತವೆ. ವಾಂಗ್‌ಕಂಗುರು ಜನ ಮುದುಕರು ಮಕ್ಕಳ ಸಮೇತ ಆ ಮರಳಿನ ನಡುವೆಯೇ ಬದುಕಿದ್ದರು. ಮರಳಿನಲ್ಲಿ ಓರೆಯಾಗಿ ಕೊರೆದ ‘ಮಿಕಿರಿ’ ಎಂಬ ಕಿರಿದಾದ ಬಾವಿಗಳು ಅವರ ನೀರು. 1886ರಲ್ಲಿ ಡೇವಿಡ್ ಲಿಂಡ್ಸೆ ಎಂಬ ಭೂಮಾಪಕನಿಗೆ ಅವುಗಳನ್ನು ತೋರಿಸಿದವನು ಆ ಜನರಲ್ಲೊಬ್ಬ. ಅವರ ಪಟ್ಟಿಯಲ್ಲಿ ನೀರು ಒಂದು ಭಾರವಾಗಿರಲಿಲ್ಲ, ನೆನಪಾಗಿತ್ತು. ಸುಮಾರು 1900ರ ಹೊತ್ತಿಗೆ ಅವರು ಮರುಭೂಮಿಯ ಒಳಗಿನ ವಾಸ ಬಿಟ್ಟು ಅಂಚಿನ ದನಗಾವಲುಗಳ ಕಡೆಗೆ ಬಂದರು. ಅವರ ಭಾಷೆಯ ‘ಮುಂಗ-ತಿರಿ’, ದೊಡ್ಡ ಮರಳದಿಬ್ಬಗಳ ನಾಡು, ಎಂಬ ಹೆಸರು ಈಗ ಅಲ್ಲಿನ ರಾಷ್ಟ್ರೀಯ ಉದ್ಯಾನಕ್ಕೆ ಸಂದಿದೆ.

ಮೋಟಾರಿನಲ್ಲಿ ಸಂಸಾರ ಸಮೇತ ಅದನ್ನು ದಾಟಿದ ಕೀರ್ತಿ ರೆಗ್ ಸ್ಪ್ರಿಗ್ ಎಂಬ ಭೂವಿಜ್ಞಾನಿಯದು. ಸುಮಾರು 55 ಕೋಟಿ ವರ್ಷ ಹಳೆಯ ಜೀವಿಗಳ ಅಚ್ಚುಗಳನ್ನು 1946ರಲ್ಲಿ ಎಡಿಯಾಕರ ಬೆಟ್ಟಗಳಲ್ಲಿ ಕಂಡವನು ಇವನೇ. 1962ರಲ್ಲಿ ಹೆಂಡತಿ ಗ್ರಿಸೆಲ್ಡ, ಚಿಕ್ಕ ಮಗಳು, ಇನ್ನೂ ಚಿಕ್ಕ ಮಗ, ಇವರನ್ನು ಒಂದು ನಿಸ್ಸಾನ್ ಪೆಟ್ರೋಲ್ ವಾಹನದಲ್ಲಿ ಕೂರಿಸಿಕೊಂಡು ಪಶ್ಚಿಮದಿಂದ ಪೂರ್ವಕ್ಕೆ ಬರ್ಡ್ಸ್‌ವಿಲ್ಲಿಗೆ ಬಂದ. (‘ಪೆಟ್ರೋಲ್’ ಎಂಬುದು ಅಲ್ಲಿ ಎಣ್ಣೆಯಲ್ಲ, ಗಸ್ತು.) ಆ ಮರುಭೂಮಿಯಲ್ಲಿ ಸಾವಿರಕ್ಕೂ ಮಿಕ್ಕಿ ದಿಬ್ಬಗಳು ಉತ್ತರ ದಕ್ಷಿಣವಾಗಿ ಸಾಲಾಗಿ ಮಲಗಿವೆ, ಪಶ್ಚಿಮದ ಮಗ್ಗುಲು ಇಳಿಜಾರು, ಪೂರ್ವದ್ದು ಕಡಿದು. ಹತ್ತುವುದು ಯಾವ ಕಡೆಯಿಂದ ಸುಲಭ ಎಂದು ಮಣ್ಣನ್ನು ಓದಬಲ್ಲವನಿಗೆ ಹೇಳಿಕೊಡಬೇಕೆ? ಗ್ರಿಸೆಲ್ಡ ಮುಂದೆ 2001ರಲ್ಲಿ ತನ್ನ ಬದುಕಿನ ಕತೆಗೆ, ದಿಬ್ಬವೆಂಬ ಪದವೇ ಒಂದು ಬೈಗುಳ ಎಂಬರ್ಥ ಬರುವ ಹೆಸರಿಟ್ಟಳು. ಹೆಸರನ್ನು ಓದಿ ನನ್ನ ಸೊಸೆ ಬಹಳ ನಕ್ಕಳು.

ಅವಳು ನಗದೆ ಇದ್ದದ್ದು ಮರುವರ್ಷದ ಕತೆಗೆ. 1963ರ ಡಿಸೆಂಬರ್, ಅಂದರೆ ಅಲ್ಲಿ ಕಡುಬೇಸಗೆ. ಇಂಗ್ಲೆಂಡಿನಿಂದ ವಲಸೆ ಬಂದಿದ್ದ ಒಂದು ಸಂಸಾರ, ಗಂಡ, ಹೆಂಡತಿ, ಮೂವರು ಗಂಡುಮಕ್ಕಳು, ಮರ್ರೀಯಿಂದ ಉತ್ತರಕ್ಕೆ ಕಾರಿನಲ್ಲಿ ಹೊರಟರು. ನಾವು ಹೋಗಬೇಕೆಂದಿದ್ದ ರಸ್ತೆಯೇ. ಅಜ್ಞಾತ ಮರುಭೂಮಿಯೇನಲ್ಲ, ಟಾಮ್ ಕ್ರೂಸ್ ಎಂಬಾತ 1936ರಿಂದ ತನ್ನ ಲಾರಿಯಲ್ಲಿ ಟಪಾಲು ಸಾಗಿಸಿದ್ದ ದಾರಿ. ಅವರು ದಾರಿ ತಪ್ಪಿದರು, ಎಣ್ಣೆ ಮುಗಿಯಿತು. ಎರಡು ದಿನಕ್ಕಾಗುವಷ್ಟು ಮಾತ್ರ ನೀರಿದೆಯೆಂದು ಚೀಟಿ ಬರೆದು ಕಾರಿನಲ್ಲಿಟ್ಟು, ಕ್ರಿಸ್‌ಮಸ್ಸಿನ ಆಸುಪಾಸಿನಲ್ಲಿ ಕಾರನ್ನು ಬಿಟ್ಟು ನಡೆದರು. ಹುಡುಕುವವರಿಗೆ ಮೊದಲು ಸಿಕ್ಕಿದ್ದು ಕಾರು. ಐವರೂ ಸತ್ತಿದ್ದರು. ಅವರ ಸಮಾಧಿ ಆ ಸೀಮೆಯಲ್ಲೇ ಇದೆ.

ಒಂದು ವರ್ಷದ ಅಂತರದಲ್ಲಿ ಎರಡು ಸಂಸಾರ. ಮೊದಲನೆಯವರು ದಾರಿಯಿಲ್ಲದ ಕಡೆ ಹೋಗಿ ಬಂದರು, ಎರಡನೆಯವರು ದಾರಿಯಿದ್ದ ಕಡೆ ಹೋಗಿ ಉಳಿದರು. ಸತ್ತವರನ್ನು ಅವಿವೇಕಿಗಳೆನ್ನಲು ನನಗೆ ಮನಸ್ಸು ಬರಲಿಲ್ಲ. ಹೊಸ ದೇಶ, ಮಕ್ಕಳ ಸಡಗರ, ರಸ್ತೆಯಿದೆಯೆಂಬ ಧೈರ್ಯ. ನಾನಾದರೂ ಅವರಂತೆಯೇ ಹೊರಡುತ್ತಿದ್ದೆ, ಬಹುಶಃ ಕುಟ್ಟಾಣಿಯನ್ನೂ ಇಟ್ಟುಕೊಂಡು. ಅದನ್ನು ಓದಿದ ದಿನ ಮನೆಗೆ ಬಂದು ಮಗನ ಪಟ್ಟಿಯನ್ನು ಮತ್ತೆ ತೆಗೆದು ನೋಡಿದೆ. ನಾನು ಅತಿಯೆಂದು ನಕ್ಕಿದ್ದ ಪ್ರತಿಯೊಂದು ಸಾಲಿನ ಹಿಂದೆಯೂ ಯಾರೋ ನಿಂತಿದ್ದಂತೆ ಕಂಡಿತು. ಪ್ರಯಾಣ ಜುಲೈಯಲ್ಲಿ. ನೀರು ಒಂದೇ ಪೀಪಾಯಿಯಲ್ಲಲ್ಲ, ಇಪ್ಪತ್ತು ಲೀಟರಿನ ಹತ್ತು ಡಬ್ಬಗಳಲ್ಲಿ, ಒಂದು ಸೋರಿದರೆ ಒಂಬತ್ತು ಉಳಿಯಲೆಂದು. ಎರಡು ಹೆಚ್ಚಿನ ಚಕ್ರ. ಉಪಗ್ರಹದ ದೂರವಾಣಿ, 1929ರಲ್ಲಿ ಆಲ್ಫ್ರೆಡ್ ಟ್ರೇಗರ್, ಒಂಟಿ ಮನೆಗಳವರು ಹಾರುವ ವೈದ್ಯರನ್ನು ಕರೆಯಲೆಂದು ರೂಪಿಸಿದ ಕಾಲಲ್ಲಿ ತುಳಿಯುವ ರೇಡಿಯೋದ ಮೊಮ್ಮಗು ಅದು ಎನ್ನಬಹುದು. ಎಲ್ಲಿಂದ ಎಲ್ಲಿಗೆ, ಯಾವ ದಿನ ತಲಪುತ್ತೇವೆ, ತಲಪದಿದ್ದರೆ ಎಷ್ಟು ಹೊತ್ತು ಕಾದು ಪೋಲೀಸರಿಗೆ ತಿಳಿಸಬೇಕು, ಇವೆಲ್ಲವನ್ನೂ ಬರೆದ ಕಾಗದ ಪಕ್ಕದ ಮನೆಯವರಿಗೆ.

ಸೊಸೆ ತನ್ನ ಕಡೆಯಿಂದ ಬುತ್ತಿ ಸಿದ್ಧಪಡಿಸಿದಳು: ಹುರಿಹಿಟ್ಟು, ಗೊಜ್ಜವಲಕ್ಕಿಯ ಪುಡಿ, ಕೊಬ್ಬರಿ, ಬೆಲ್ಲ. ಉಪ್ಪಿನಕಾಯಿ ಬೇಕೆಂದು ನಾನು ಹಟ ಹಿಡಿದೆ. ಬಾಯಾರಿಕೆಯಾಗುತ್ತದೆ ಮಾವ ಎಂದು ಚಿಕ್ಕ ಶೀಶೆಯಲ್ಲಿ ಮಾತ್ರ ತುಂಬಿದಳು.

ಏಳು ವರ್ಷದ ಮೊಮ್ಮಗಳಿಗೆ ಅವಳಪ್ಪ ಒಂದೇ ಒಂದು ಪಾಠ ಕಲಿಸಿದ್ದ. ಕಾರು ನಿಂತುಹೋದರೆ ಏನು ಮಾಡಬೇಕು? “ಕಾರಿನ ನೆರಳಿನಲ್ಲೇ ಇರಬೇಕು, ಯಾರು ಕರೆದರೂ ನಡೆದು ಹೋಗಬಾರದು.” ತಾತ ಕರೆದರೆ? ಸ್ವಲ್ಪ ಯೋಚಿಸಿ, “ತಾತನನ್ನೂ ಹಿಡಿದು ಕೂರಿಸಬೇಕು” ಎಂದಳು.

ಹೊರಡುವ ಮುನ್ನಾದಿನ ಹತ್ತು ಡಬ್ಬಗಳಲ್ಲಿ ಒಂಬತ್ತು ಹಿಡಿದವು, ಹತ್ತನೆಯದಕ್ಕೆ ಜಾಗವಿಲ್ಲ. ಮಗ ಒಮ್ಮೆ ಡಬ್ಬ ನೋಡಿದ, ಒಮ್ಮೆ ಹಿಂದಿನ ಸೀಟಿನ ಕೆಳಗಿದ್ದ ನನ್ನ ಪೆಟ್ಟಿಗೆ ನೋಡಿದ, ಮಾತಾಡಲಿಲ್ಲ. ಅದರಲ್ಲಿ ಸ್ಟರ್ಟ್, ಬರ್ಕ್, ಮ್ಯಾಡಿಗನ್ ಎಲ್ಲರೂ ಇದ್ದರು. ನಾನೇ ಹೋಗಿ ಪೆಟ್ಟಿಗೆಯನ್ನು ಇಳಿಸಿ ಒಳಗೆ ಇಟ್ಟು ಬಂದೆ.