ಮರಳ ಮೇಲಿನ ಮಗ್ಗಿ, ಇಕ್ಕೇರಿಯ ಒಂದು ಹೆಸರು

1/5
ಮೊದಲ ಫೋಟೋದಲ್ಲಿ ಕಾಣೋದು ನಮ್ಮ ಟೆಂಟು. ಜಾಗ ಕಾಸರಕೋಡು. ಹೊನ್ನಾವರದ ಕಾಸರಕೋಡು ಮಾರಾಯ್ರೆ, ಕೇರಳದ್ದಲ್ಲ! ಹಿಂದೆ ಗಾಳಿಮರ, ಪಕ್ಕದಲ್ಲಿ ಶರಾವತಿ ಸಮುದ್ರ ಸೇರುವ ಅಳಿವೆ. ಹನ್ನೊಂದಕ್ಕೆ ಮಲಗಿದೆವು, ನನಗೆ ನಿದ್ದೆ ಬಂದದ್ದು ಮೂರಕ್ಕೆ. ಮರಳು ಎಷ್ಟು ಗಟ್ಟಿ ಅಂತ ಅದರ ಮೇಲೆ ಮಲಗಿದವರಿಗೇ ಗೊತ್ತು. ಆ ಹೊತ್ತಲ್ಲಿ ನೆನಪಾದ ಒಬ್ಬ ಪ್ರವಾಸಿಯ ಕಥೆ ಇದು. ನಾವು ಬಂದ ದಾರಿಯಲ್ಲೇ ಅವನು 400 ವರ್ಷದ ಹಿಂದೆ ಬಂದಿದ್ದ.

2/5
ಹೆಸರು ಪಿಯೆತ್ರೊ ದೆಲ್ಲಾ ವಾಲ್ಲೆ. ರೋಮ್ ನಗರದ ಸಿರಿವಂತ ಮನೆತನದವ, 1586ರಲ್ಲಿ ಹುಟ್ಟಿದವ. 1614ರಲ್ಲಿ ವೆನಿಸ್‌ನಿಂದ ಹಡಗು ಹತ್ತಿದವನು ಊರು ಸೇರಿದ್ದು 1626ರಲ್ಲಿ. ನಡುವೆ ಬಾಗ್ದಾದಿನಲ್ಲಿ ಮಾನಿ ಎಂಬ ಹುಡುಗಿಯನ್ನು ಮದುವೆಯಾದ. 1621ರ ಕೊನೆಗೆ ಪರ್ಷಿಯಾದಲ್ಲಿ ಅವಳು ಕಾಯಿಲೆಯಿಂದ ತೀರಿಕೊಂಡಳು. ಅಲ್ಲೇ ಮಣ್ಣು ಮಾಡಿ ಬರಲು ಇವನಿಗೆ ಮನಸ್ಸಾಗಲಿಲ್ಲ. ದೇಹ ಕೆಡದಂತೆ ಮಾಡಿಸಿ, ಪೆಟ್ಟಿಗೆಯಲ್ಲಿಟ್ಟು, ಜೊತೆಗೇ ತಗೊಂಡು ಹೊರಟ. 1623ರಲ್ಲಿ ಸೂರತ್ತಿಗೆ, ಅಲ್ಲಿಂದ ಗೋವಾಕ್ಕೆ. ಇದನ್ನ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಅದೇ ವರ್ಷ ಗೋವಾದ ಪೋರ್ಚುಗೀಸರು ಇಕ್ಕೇರಿಯ ವೆಂಕಟಪ್ಪ ನಾಯಕನ ಹತ್ತಿರ ರಾಯಭಾರಿಯನ್ನು ಕಳಿಸಿದರು. ಕಾಳುಮೆಣಸಿನ ವ್ಯವಹಾರ, ಬಂಗರ ಸೀಮೆಯ ತಕರಾರು, ಇತ್ಯಾದಿ. ಪರಿಚಯದವನು ಹೊರಟಿದ್ದಾನಲ್ಲ ಅಂತ ನಮ್ಮ ಪಿಯೆತ್ರೊ ಕೂಡ ಜೊತೆಗೆ ಸೇರಿಕೊಂಡ. ಕೆಲಸ ಏನೂ ಇಲ್ಲ, ನೋಡೋದು ಮತ್ತು ಬರೆಯೋದು. ಬರೆದದ್ದೆಲ್ಲ ನೇಪಲ್ಸ್‌ನಲ್ಲಿದ್ದ ಮಾರಿಯೊ ಸ್ಕಿಪಾನೊ ಎಂಬ ವೈದ್ಯ ಗೆಳೆಯನಿಗೆ ಕಾಗದ.

3/5
ಹೊನ್ನಾವರದಿಂದ ಶರಾವತಿಯಲ್ಲಿ ದೋಣಿ ಹತ್ತಿ ಗೇರುಸೊಪ್ಪೆ. ತಾನು ಕಂಡ ಅತಿ ಚಂದದ ನದಿಗಳಲ್ಲಿ ಇದೂ ಒಂದು ಅಂತ ಬರೀತಾನೆ. (ಈ ಮಾತಿಗೆ ನಾವು ಹೊನ್ನಾವರದವರು ಕಾಲರ್ ಎತ್ತಬಹುದು.) ಆಮೇಲೆ ಘಟ್ಟ. ಮೇಲೆ ಹನುಮಂತನ ಗುಡಿಯಲ್ಲಿ ಬಿಡಾರ.

ಆಳುಗಳು ಸಾಮಾನು ಕಟ್ಟುತ್ತಿದ್ದಾಗ ಇವನು ಗುಡಿಯ ಮುಂದಿನ ಜಗಲಿಯಲ್ಲಿ ಸುಮ್ನೆ ಕೂತಿದ್ದ. ಅಲ್ಲಿ ನಾಲ್ಕು ಹುಡುಗರು ಲೆಕ್ಕ ಕಲೀತಿದ್ದರು. ನೆಲದ ಮೇಲೆ ತೆಳ್ಳಗೆ ಮರಳು ಹರಡಿದೆ. ಒಬ್ಬ ರಾಗವಾಗಿ ಒಂದು ಸಾಲು ಹೇಳುತ್ತಾನೆ, ಹೇಳುತ್ತಲೇ ಬೆರಳಿಂದ ಅದನ್ನು ಮರಳಲ್ಲಿ ಬರೆಯುತ್ತಾನೆ. ಉಳಿದವರು ಅದನ್ನೇ ಹಾಡುತ್ತಾ ಬರೆಯುತ್ತಾರೆ. ನೆಲ ತುಂಬಿದರೆ ಒರೆಸಿ, ಹೊಸ ಮರಳು ಹಾಕಿ, ಮತ್ತೆ ಶುರು. ಕಾಗದ ಬೇಡ, ಮಸಿ ಬೇಡ. ಪಿಯೆತ್ರೊ ಕೊಟ್ಟಿರುವ ಅರ್ಥ ನೋಡಿದರೆ ಅದು ನಮ್ಮ 'ಒಂದೊಂದ್ಲ ಒಂದು' ಇರಬೇಕು ಅಂತ ನನ್ನ ಊಹೆ. ನನ್ನ ಮುತ್ತಜ್ಜ ಐಗಳ ಶಾಲೆಯಲ್ಲಿ ಕಲಿತದ್ದೂ ಹೀಗೇ ಅಂತೆ.

ಅಲ್ಲಿ ಮೇಷ್ಟ್ರು ಇರಲಿಲ್ಲ. ಇವನಿಗೆ ಅನುಮಾನ ಬಂತು. 'ಮರೆತುಹೋದರೆ ಯಾರು ತಿದ್ದುತ್ತಾರೆ? ನೀವೆಲ್ಲ ಕಲಿಯುವವರೇ ಅಲ್ವಾ?' ಅಂತ ಕೇಳಿದ. ನಾಲ್ವರೂ ಒಂದೇ ಜಾಗದಲ್ಲಿ ಮರೆಯೋದು ಸಾಧ್ಯವೇ ಇಲ್ಲ ಅಂತ ಹುಡುಗರು ಉತ್ತರ ಕೊಟ್ಟರು. ಪರೀಕ್ಷೆ ಹಿಂದಿನ ರಾತ್ರಿ ಕಂಬೈಂಡ್ ಸ್ಟಡಿ ಮಾಡುವ ನಮ್ಮ ಗ್ಯಾಂಗಿಗೆ ಇದು ಅನ್ವಯಿಸಲ್ಲ, ನಾವು ಒಂದೇ ಜಾಗದಲ್ಲೇ ಮರೀತೀವಿ.

4/5
ಈಗ ಪೇಟೆ. ಸಾಗರದ ಗೆಳತಿಯ ಮನೆಯಲ್ಲಿ ಎರಡು ದಿನ ಉಳಿದಿದ್ದೆವು. ಅವಳಮ್ಮನ ತೊಡೆದೇವಿನ ಬಗ್ಗೆ ಬೇರೆ ಪೋಸ್ಟ್ ಹಾಕ್ತೀನಿ. ಇಕ್ಕೇರಿ ಅಲ್ಲಿಂದ ಹತ್ತಿರ. ಅಡಿಕೆ ತೋಟ, ಅಘೋರೇಶ್ವರ ದೇವಸ್ಥಾನ, ಸದ್ದಿಲ್ಲದ ರಸ್ತೆ. 1623ರಲ್ಲಿ ಇದು ಕೆಳದಿ ನಾಯಕರ ರಾಜಧಾನಿ.

ಆ ನವೆಂಬರಿನಲ್ಲಿ ಪಿಯೆತ್ರೊ ಇಲ್ಲಿ ಒಬ್ಬಳ ಮನೆಗೆ ಹೋದ. ತೆಲುಗು ಮೂಲದ ಒಬ್ಬ ವಾದ್ಯದವನ ಹೆಂಡತಿ. ಗಂಡ ಸತ್ತಿದ್ದ, ಅವಳು ಸತಿ ಹೋಗಲು ಸಿದ್ಧಳಾಗಿದ್ದಳು. ಹೆಸರನ್ನು ಇಟಾಲಿಯನ್ ಅಕ್ಷರದಲ್ಲಿ 'ಜಾಕ್ಕಮಾ' ಎಂದು ಬರೆದಿದ್ದಾನೆ. ಜಕ್ಕಮ್ಮ ಇರಬಹುದು. ಚಿಕ್ಕ ಮಕ್ಕಳಿದ್ದರು. ಬೇಡ ಅಂತ ಇವನು ತಿಳಿಸಿ ಹೇಳಿದ, ಮಕ್ಕಳನ್ನು ತೋರಿಸಿ ಹೇಳಿದ. ಯಾರಾದರೂ ಬಲವಂತ ಮಾಡಿದ್ದಾರಾ ಅಂತಲೂ ಕೇಳಿದ. ಇಲ್ಲ, ನನ್ನ ಇಷ್ಟದಿಂದಲೇ ಅಂದಳಂತೆ, ನಗುನಗುತ್ತಲೇ ಮಾತಾಡಿದಳಂತೆ.

ನಾನು ಇದನ್ನ ಪೂರ್ತಿ ನಂಬಲ್ಲ. ಪಿಯೆತ್ರೊ ಸುಳ್ಳು ಬರೆದ ಅಂತಲ್ಲ. ಸುತ್ತ ಜನ ನಿಂತಿದ್ದಾರೆ, ನಡುವೆ ದುಭಾಷಿ ಇದ್ದಾನೆ, ಎದುರಿಗೆ ಗುರುತಿಲ್ಲದ ಪರದೇಶಿ. ಅಲ್ಲಿ ಅವಳು ಬೇರೆ ಏನು ಹೇಳಲು ಸಾಧ್ಯವಿತ್ತು, ನೀವೇ ಹೇಳಿ.

ಇನ್ನೊಂದು ಸಂಗತಿ ನನ್ನನ್ನ ಬಿಡ್ತಾ ಇಲ್ಲ. ಕೇಳುತ್ತಿದ್ದವನೂ ಸಂಗಾತಿಯನ್ನು ಕಳಕೊಂಡವನೇ. ಅವನು ಸತ್ತ ಹೆಂಡತಿಯನ್ನು ಪೆಟ್ಟಿಗೆಯಲ್ಲಿ ದೇಶದಿಂದ ದೇಶಕ್ಕೆ ಹೊತ್ತ. ಊರಿಗೆ ಹೋದ ಮೇಲೆ ಮತ್ತೆ ಮದುವೆಯಾದ, ಮಕ್ಕಳಾದವು. ಅವನ ಪ್ರೀತಿ ಸುಳ್ಳು ಅಂತ ಯಾರೂ ಅನ್ನಲಿಲ್ಲ, ಅನ್ನಬೇಕಾಗಿಯೂ ಇಲ್ಲ. ಜಕ್ಕಮ್ಮನಿಗೆ ಮಾತ್ರ ಪ್ರೀತಿ ತೋರಿಸಲು ಬೆಂಕಿಯ ದಾರಿ.

ಬರುವಾಗ ಅವನೊಂದು ಮಾತು ಕೊಟ್ಟ: ನಿನ್ನ ಹೆಸರು ಲೋಕದಲ್ಲಿ ಉಳಿಯುವ ಹಾಗೆ ಮಾಡುತ್ತೇನೆ.

5/5
ಮಾನಿಯನ್ನು ಕೊನೆಗೆ ರೋಮ್‌ನ ಆರಾಚೆಲಿ ಚರ್ಚಿನಲ್ಲಿ ಮಣ್ಣು ಮಾಡಿದರು. ಪಿಯೆತ್ರೊ 1652ರಲ್ಲಿ ತೀರಿಕೊಂಡ. ಭಾರತದ ಕಾಗದಗಳು ಪುಸ್ತಕವಾಗಿ ಬಂದದ್ದು 1663ರಲ್ಲಿ, ಎರಡೇ ವರ್ಷಕ್ಕೆ ಇಂಗ್ಲಿಷಿಗೂ ಹೋದವು. ಜಕ್ಕಮ್ಮನ ಹೆಸರು ಅದರಲ್ಲಿದೆ. ಇಕ್ಕೇರಿಯಲ್ಲಿ ಮಧ್ಯಾಹ್ನವಿಡೀ ಸುತ್ತಿದೆವು, ಆ ಹೆಸರಿನ ಒಂದು ಕಲ್ಲೂ ನಮ್ಮ ಕಣ್ಣಿಗೆ ಬೀಳಲಿಲ್ಲ. ಗುಡಿಯ ಆ ನಾಲ್ಕು ಹುಡುಗರ ಹೆಸರಂತೂ ಅವನು ಬರೆದುಕೊಳ್ಳಲೇ ಇಲ್ಲ.

ಕೊನೆಯ ಫೋಟೋ ದೇವಸ್ಥಾನದ ಅಂಗಳದ್ದು. ಗೆಳತಿಯ ತಮ್ಮ, ಮೂರನೇ ಕ್ಲಾಸು. ನಾನು ಕಥೆ ಹೇಳಿದ ಮೇಲೆ ಮಣ್ಣಲ್ಲಿ ಕೂತು ಏಳರ ಮಗ್ಗಿ ಬರೆದ. ಏಳೆಂಟ್ಲದಲ್ಲಿ ತಪ್ಪಿದ, ಅವನ ಅಕ್ಕ ತಿದ್ದಿದಳು.

ನಿಮ್ಮ ಮನೆಯಲ್ಲಿ ಮರಳಲ್ಲಿ ಅಕ್ಷರ ಕಲಿತ ಹಿರಿಯರು ಇದ್ದರೆ ಅವರ ಹೆಸರು, ಊರು ಕೆಳಗೆ ಬರೀರಿ. ಮುಂದಿನ ಸರಣಿಯಲ್ಲಿ ಪಿಯೆತ್ರೊ ಘಟ್ಟ ಇಳಿದು ಮಂಗಳೂರು ಕಡೆ ಹೋಗ್ತಾನೆ. ಅಲ್ಲಿ ದಾರಿಯಲ್ಲಿ ಉಳ್ಳಾಲದ ರಾಣಿ ಸಿಕ್ಕಳು, ಬರಿಗಾಲಲ್ಲಿ, ಮಣ್ಣಿನ ಕೆಲಸ ನೋಡಲು ಹೊರಟಿದ್ದಳು.